ಹಿಂದಿನ ಸೀಟಿನಲ್ಲಿ ಮಗ ಮಲಗಿದ್ದ: ಒಂದು ಡಿಡಬ್ಲ್ಯುಐ ಪ್ರಕರಣದ ಅಧ್ಯಯನ

ನಾನು ನ್ಯೂಯಾರ್ಕ್ ರಾಜ್ಯದಲ್ಲಿ ಕ್ರಿಮಿನಲ್ ವಕೀಲರೊಬ್ಬರ ಕಚೇರಿಯಲ್ಲಿ ಪ್ಯಾರಾಲೀಗಲ್ ಆಗಿ ಕೆಲಸ ಮಾಡುತ್ತೇನೆ. ಕಾಗದಪತ್ರ ಜೋಡಿಸುವುದು, ಕೋರ್ಟಿನ ತಾರೀಕು ತಪ್ಪದಂತೆ ನೋಡಿಕೊಳ್ಳುವುದು, ಕಕ್ಷಿದಾರರ ಫೋನ್ ತೆಗೆದುಕೊಳ್ಳುವುದು ನನ್ನ ಕೆಲಸ. ಕನ್ನಡದವರು ಬಂದರೆ ಅವರ ಜೊತೆ ಕೂರುವುದೂ ನಾನೇ. ಇದು ಅಂಥ ಒಂದು ಕುಟುಂಬದ, ಕುಡಿದು ಕಾರು ಓಡಿಸಿದ (ಡಿಡಬ್ಲ್ಯುಐ) ಪ್ರಕರಣ. ಅವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಕೌಂಟಿ, ಕಂಪನಿ, ಇಸವಿ ಯಾವುದನ್ನೂ ಹೇಳುವುದಿಲ್ಲ. ಅವರು ಎಲ್ಲೆಲ್ಲಿ ಏನೇನು ನಿರ್ಧಾರ ತೆಗೆದುಕೊಂಡರು, ಅದರಿಂದ ಏನಾಯಿತು ಅನ್ನುವುದನ್ನು ಮಾತ್ರ ನಡೆದ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಗಂಡನನ್ನು ಸುರೇಶ್ ಅನ್ನೋಣ, ಹೆಂಡತಿಯನ್ನು ಲತಾ. ಸುರೇಶ್ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಎಚ್‌1ಬಿ ವೀಸಾ. ಲತಾ ಅವರದು ಗಂಡನ ವೀಸಾಗೆ ಹೊಂದಿಕೊಂಡ ಎಚ್‌4. ಮಗ ಇಲ್ಲೇ ಹುಟ್ಟಿದವನು, ಹಾಗಾಗಿ ಅಮೆರಿಕದ ಪ್ರಜೆ. ಆಗ ಅವನಿಗೆ ಏಳು ವರ್ಷ. ಸುರೇಶ್ ಮೇಲೆ ಅದಕ್ಕೂ ಮೊದಲು ಒಂದು ಸ್ಪೀಡಿಂಗ್ ಟಿಕೆಟ್ ಕೂಡ ಇರಲಿಲ್ಲ.

ಲತಾಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಲರ್ನರ್ ಪರ್ಮಿಟ್ ಮಾಡಿಸಿಕೊಂಡಿದ್ದರು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ಮೂರು ಸಲ ಕಾರು ಓಡಿಸಿ, ಭಯವಾಗಿ ಬಿಟ್ಟಿದ್ದರು. "ಇವರಿದ್ದಾರಲ್ಲ ಅಕ್ಕಾ, ನಂಗೆ ಯಾಕೆ ಬೇಕು ಅಂತ ಸುಮ್ನಾದೆ" ಎಂದು ಮೊದಲ ದಿನವೇ ಹೇಳಿದರು. ಈ ಪ್ರಕರಣ ಶುರುವಾಗುವುದು ಕುಡಿತದಿಂದ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಶುರುವಾಗಿದ್ದು ಮನೆಯಲ್ಲಿ ಕಾರು ಓಡಿಸುವವರು ಒಬ್ಬರೇ ಇದ್ದದ್ದರಿಂದ. ಆ ಒಬ್ಬರು ಕುಡಿದರೆ ಉಳಿದ ಇಬ್ಬರಿಗೆ ಬೇರೆ ದಾರಿ ಇರಲಿಲ್ಲ.

ಒಂದು ಶನಿವಾರ ಸಂಜೆ ಪರಿಚಯದವರ ಮನೆಯಲ್ಲಿ ಪಾರ್ಟಿ. ಸುರೇಶ್ ಮೂರು ಗ್ಲಾಸ್ ವಿಸ್ಕಿ ಕುಡಿದೆ ಎಂದರು. ಮನೆಯಲ್ಲಿ ಯಾರೂ ಅಳತೆ ಇಟ್ಟು ಸುರಿಯುವುದಿಲ್ಲ. ಗ್ಲಾಸ್ ಅರ್ಧ ಇಳಿದಾಗ ಯಾರೋ ಮತ್ತೆ ತುಂಬುತ್ತಾರೆ. ಮೂರು ಎನ್ನುವ ಲೆಕ್ಕಕ್ಕೆ ಅರ್ಥವೇ ಇಲ್ಲ. ಒಂಬತ್ತು ಗಂಟೆಗೆ ಕುಡಿಯುವುದನ್ನು ನಿಲ್ಲಿಸಿ, ಊಟ ಮಾಡಿ, ಕಾಫಿ ಕುಡಿದು, ಹತ್ತೂ ಕಾಲಿಗೆ ಹೊರಟರು. "ಓಡಿಸ್ತೀರಾ?" ಎಂದು ಲತಾ ಒಂದು ಸಲ ಕೇಳಿದರು. "ಆರಾಮಾಗಿದೀನಿ" ಎಂದರು ಇವರು. ನಿಜವಾಗಿಯೂ ಆರಾಮಾಗಿದ್ದೇನೆ ಎಂದೇ ಅವರಿಗೆ ಅನಿಸಿತ್ತು. ಕಾಫಿ ನಿದ್ದೆ ಓಡಿಸುತ್ತದೆ, ರಕ್ತದಲ್ಲಿರುವ ಆಲ್ಕೋಹಾಲನ್ನು ಓಡಿಸುವುದಿಲ್ಲ. ದೇಹ ಅದನ್ನು ತನ್ನ ಪಾಡಿಗೆ ಕರಗಿಸುತ್ತದೆ. ರಕ್ತದಲ್ಲಿನ ಆಲ್ಕೋಹಾಲಿನ ಶೇಕಡಾ ಪ್ರಮಾಣ ಗಂಟೆಗೆ ಸುಮಾರು 0.015 ಇಳಿಯುತ್ತದೆ ಅಷ್ಟೇ. ಒಂದೂಕಾಲು ಗಂಟೆ ಕಾದರೂ ಏನೂ ಕಾಯದ ಹಾಗೇ ಆಯಿತು.

ಆ ರಾತ್ರಿ

ಕಾರು ಎರಡು ಸಲ ಬಿಳಿ ಗೆರೆ ದಾಟಿತು ಎಂದು ಪೊಲೀಸರು ನಿಲ್ಲಿಸಿದರು. ವಾಸನೆ ಬಂತು. ಕೆಳಗಿಳಿಸಿ ಗೆರೆಯ ಮೇಲೆ ನಡೆಸಿದರು, ಒಂಟಿ ಕಾಲಿನಲ್ಲಿ ನಿಲ್ಲಿಸಿದರು, ಊದಿಸಿದರು. ಆಮೇಲೆ ಕೈಗೆ ಬೇಡಿ. ಸ್ಟೇಷನ್ನಿನ ಯಂತ್ರದಲ್ಲಿ 0.11 ಬಂತು. ನ್ಯೂಯಾರ್ಕಿನಲ್ಲಿ ಮಿತಿ 0.08.

ಲತಾ ನನಗೆ ಪದೇ ಪದೇ ಹೇಳಿದ್ದು ಆ ಅಂಕಿಯನ್ನಲ್ಲ, ಬೂಸ್ಟರ್ ಸೀಟನ್ನು. ಕಾರನ್ನು ಟೋ ಮಾಡಿ ಒಯ್ಯುವ ಮೊದಲು ಪೊಲೀಸ್ ಅಧಿಕಾರಿಯೊಬ್ಬರು ಹಿಂದಿನ ಬಾಗಿಲು ತೆಗೆದು ಮಗನನ್ನು ಕೆಳಗಿಳಿಸಿದರು. ಬೂಸ್ಟರ್ ಸೀಟನ್ನು ಎತ್ತಿ ಲತಾ ಕೈಗೆ ಕೊಟ್ಟರು. ಅದರ ಸಂದಿಯಲ್ಲಿ ಬಿಸ್ಕೆಟ್ ಚೂರುಗಳು, ಒಂದು ಸಣ್ಣ ಆಟಿಕೆ ಕಾರು. ಸ್ನೇಹಿತರು ಬರುವವರೆಗೆ ಲತಾ ಹೆದ್ದಾರಿಯ ಪಕ್ಕ ಒಂದು ಕೈಯಲ್ಲಿ ಮಗನನ್ನು, ಇನ್ನೊಂದು ಕೈಯಲ್ಲಿ ಆ ಸೀಟನ್ನು ಹಿಡಿದುಕೊಂಡು ನಿಂತಿದ್ದರು. ಗಂಡ ಇನ್ನೊಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋದರು. ಮಗ ಕೈ ಬೀಸಿದ.

ಮರುದಿನ ಬೆಳಿಗ್ಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಿದಾಗಲೇ ಸುರೇಶ್‌ಗೆ ತಮ್ಮ ಮೇಲಿರುವ ಆರೋಪ ಏನೆಂದು ಪೂರ್ತಿ ಗೊತ್ತಾಗಿದ್ದು. ಸಾಮಾನ್ಯವಾಗಿ ಮೊದಲ ಸಲದ ಡಿಡಬ್ಲ್ಯುಐ, ಅಂದರೆ ಕುಡಿದು ಕಾರು ಓಡಿಸಿದ ಆರೋಪ, ಇಲ್ಲಿ ಮಿಸ್‌ಡಿಮೀನರ್. ಅದು ಕೆಳಹಂತದ ಅಪರಾಧ. ಇವರ ಮೇಲೆ ಬಿದ್ದಿದ್ದು ಫೆಲನಿ, ಅಂದರೆ ಗಂಭೀರ ಅಪರಾಧ. ಕಾರಣ, ಹಿಂದಿನ ಸೀಟಿನಲ್ಲಿ ಮಲಗಿದ್ದ ಏಳು ವರ್ಷದ ಮಗ.

ಮಗು ಇದ್ದರೆ ಕಾನೂನು ಹೇಗೆ ಬದಲಾಗುತ್ತದೆ

2009ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ನಗರದ ಹೆನ್ರಿ ಹಡ್ಸನ್ ಪಾರ್ಕ್‌ವೇಯಲ್ಲಿ ಒಂದು ಕಾರು ಉರುಳಿತು. ಓಡಿಸುತ್ತಿದ್ದವರು ಕುಡಿದಿದ್ದರು. ಕಾರಿನ ತುಂಬ ಹುಡುಗಿಯರಿದ್ದರು. 11 ವರ್ಷದ ಲಿಯಾಂಡ್ರಾ ರೊಸಾಡೊ ತೀರಿಕೊಂಡಳು. ಅವಳ ತಂದೆ ಕಾನೂನು ಬದಲಾಗಬೇಕೆಂದು ಪಟ್ಟು ಹಿಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಲಿಯಾಂಡ್ರಾ ಕಾಯಿದೆಗೆ ಗವರ್ನರ್ ಸಹಿ ಬಿತ್ತು, ಡಿಸೆಂಬರ್‌ನಲ್ಲಿ ಜಾರಿಗೆ ಬಂತು. 15 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಕಾರಿನಲ್ಲಿದ್ದಾಗ ಕುಡಿದು ಓಡಿಸಿದರೆ, ಅದು ಮೊದಲ ತಪ್ಪೇ ಆಗಿದ್ದರೂ ಫೆಲನಿ. ನಾಲ್ಕು ವರ್ಷದವರೆಗೆ ಜೈಲು, 1,000ದಿಂದ 5,000 ಡಾಲರ್ ದಂಡ. ಮಾದಕ ವಸ್ತು ಸೇವಿಸಿ ಓಡಿಸಿದವರಿಗೂ ಇದೇ ಅನ್ವಯ.

ಅಪಘಾತ ಆಗಿರಬೇಕಿಲ್ಲ. ಮಗುವಿಗೆ ಪೆಟ್ಟಾಗಿರಬೇಕಿಲ್ಲ. ಬೆಲ್ಟ್ ಹಾಕಿತ್ತು, ಸೀಟು ಸರಿಯಾಗಿತ್ತು ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. "ಏನೂ ಆಗಿಲ್ವಲ್ಲ ಮೇಡಂ, ಮಗ ಮಲಗಿದ್ದ ಅಷ್ಟೇ" ಎಂದು ಸುರೇಶ್ ಮೊದಲ ಭೇಟಿಯಲ್ಲಿ ಎಷ್ಟು ಸಲ ಹೇಳಿದರೋ. ಮಗು ಅಲ್ಲಿದ್ದದ್ದೇ ಈ ಕಾಯಿದೆಗೆ ಸಾಕು. ಇದರ ಜೊತೆಗೆ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ವಕೀಲರು, ಇನ್ನೊಂದು ಆರೋಪ ಸೇರಿಸಿದ್ದರು: ಮಗುವಿನ ಕ್ಷೇಮಕ್ಕೆ ಅಪಾಯ ತಂದದ್ದು. ಇದು ಮಿಸ್‌ಡಿಮೀನರ್. ಕಾಗದದ ಮೇಲೆ ಫೆಲನಿಯ ಪಕ್ಕ ಅದು ಚಿಕ್ಕದಾಗಿ ಕಾಣುತ್ತಿತ್ತು. ಪ್ರಕರಣದ ನಿಜವಾದ ಗಂಡಾಂತರ ಅದರಲ್ಲೇ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ರಾಜ್ಯದಿಂದ ರಾಜ್ಯಕ್ಕೆ ಇದು ಬೇರೆ ಬೇರೆ. ಪಕ್ಕದ ನ್ಯೂಜೆರ್ಸಿಯಲ್ಲಿ ಸಾದಾ ಡಿಡಬ್ಲ್ಯುಐಯನ್ನು ಟ್ರಾಫಿಕ್ ತಪ್ಪಾಗಿ ನೋಡುತ್ತಾರೆ, ಆದರೆ 17 ವರ್ಷದವರೆಗಿನ ಮಕ್ಕಳು ಜೊತೆಗಿದ್ದರೆ ಬೇರೆ ಆರೋಪವೇ ಸೇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 14ಕ್ಕಿಂತ ಚಿಕ್ಕ ಮಗು ಇದ್ದರೆ ಮೊದಲ ಸಲಕ್ಕೇ 48 ಗಂಟೆ ಹೆಚ್ಚುವರಿ ಜೈಲು. ಸುರೇಶ್ ಸ್ನೇಹಿತರೊಬ್ಬರು "ಫೈನ್ ಕಟ್ಟಿ ಬಿಡು, ಮುಗೀತು" ಎಂದಿದ್ದರಂತೆ. ಭಾರತದಲ್ಲಿ ಮೋಟಾರು ವಾಹನ ಕಾಯಿದೆಯ 185ನೇ ಕಲಂ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಹೆಚ್ಚಿನವರು ದಂಡ ಕಟ್ಟಿ ಹೊರಬಂದದ್ದನ್ನೇ ನೋಡಿರುತ್ತಾರೆ. ಮಗು ಜೊತೆಗಿತ್ತೇ ಎಂದು ಆ ಕಲಂ ಕೇಳುವುದಿಲ್ಲ. ಆದರೆ ಅಲ್ಲಿನ ಮಿತಿ ಇಲ್ಲಿಗಿಂತ ಬಿಗಿ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03. ಊರಿನ ಅನುಭವ ಇಟ್ಟುಕೊಂಡು ಇಲ್ಲಿ ಸಲಹೆ ಕೊಡಬೇಡಿ ಎಂದು ನಾನು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಮೊದಲ ವಾರ

ಇಂಥ ಪ್ರಕರಣದಲ್ಲಿ ಒಂದು ರಾತ್ರಿಗೆ ನಾಲ್ಕು ಕಡೆ ಲೆಕ್ಕ ಕೊಡಬೇಕು. ಕ್ರಿಮಿನಲ್ ಕೋರ್ಟು, ಲೈಸೆನ್ಸು, ಮಕ್ಕಳ ರಕ್ಷಣಾ ಇಲಾಖೆ, ವೀಸಾ. ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದಿಲ್ಲ. ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆ ಕೇಳಿಸುತ್ತದೆ.

ಕೋರ್ಟು ಜಾಮೀನು ಹಣ ಕೇಳದೆ ಬಿಟ್ಟಿತು. ಮಗನ ಹೆಸರಿನಲ್ಲಿ ಒಂದು ರಕ್ಷಣಾ ಆದೇಶ ಕೊಟ್ಟಿತು. ಸುರೇಶ್ ಮನೆಯಲ್ಲೇ ಇರಬಹುದು, ಆದರೆ ಮಗನಿಗೆ ತೊಂದರೆಯಾಗುವ ಯಾವುದನ್ನೂ ಮಾಡುವಂತಿಲ್ಲ. ಲೈಸೆನ್ಸ್ ಮಾತ್ರ ಅಲ್ಲೇ ಅಮಾನತಾಯಿತು. ಪ್ರಕರಣ ಮುಗಿಯುವವರೆಗೂ ಹಾಗೇ. ಕೆಲಸಕ್ಕೆ ಹೋಗಲು ವಿನಾಯಿತಿ ಬೇಕಾದರೆ ಮೂರು ಕೆಲಸದ ದಿನಗಳೊಳಗೆ ವಿಚಾರಣೆ ಆಗಬೇಕು. ಅಲ್ಲಿ "ನನಗೆ ಕಷ್ಟ" ಎಂದು ಸ್ವತಃ ಹೇಳಿಕೊಂಡರೆ ಸಾಲದು, ಬೇರೆ ಸಾಕ್ಷ್ಯ ಬೇಕು. ಎರಡು ದಿನ ನಾನು ಕೂತು ಬಸ್ಸಿನ ವೇಳಾಪಟ್ಟಿ, ಮನೆಯಿಂದ ಆಫೀಸಿಗೆ ದೂರ, ದಿನಕ್ಕೆ ಕ್ಯಾಬ್‌ಗೆ ಎಷ್ಟಾಗುತ್ತದೆ ಎಂಬುದನ್ನೆಲ್ಲ ಜೋಡಿಸಿದೆ. ಮ್ಯಾನೇಜರಿಂದ ಒಂದು ಪತ್ರವೂ ಬಂತು. ಅದನ್ನು ಕೇಳಲು ಸುರೇಶ್ ನಾಚಿಕೆಯಿಂದ ಕುಗ್ಗಿಹೋದರು. ಕೊನೆಗೆ ವಿನಾಯಿತಿ ಸಿಕ್ಕಿತು: ಕೆಲಸಕ್ಕೆ, ಮನೆಯವರ ವೈದ್ಯಕೀಯ ಅಗತ್ಯಕ್ಕೆ. ಮಗನನ್ನು ಶಾಲೆಗೆ ಬಿಡುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಆದರೆ ಆ ವಾರದ ದೊಡ್ಡ ತಿರುವು ಭಾನುವಾರ ಸಂಜೆಯೇ ಬಂದಿತ್ತು. ಕಾರು ಓಡಿಸಿದವರು ಆ ಮಗುವಿನ ತಂದೆ ಅಥವಾ ತಾಯಿಯಾದರೆ, ಲಿಯಾಂಡ್ರಾ ಕಾಯಿದೆಯ ಪ್ರಕಾರ ಪೊಲೀಸರು ರಾಜ್ಯದ ಮಕ್ಕಳ ರಕ್ಷಣಾ ದಾಖಲಾತಿಗೆ ವರದಿ ಮಾಡಲೇಬೇಕು. ವರದಿ ಹೋದ 24 ಗಂಟೆಯೊಳಗೆ ಸಿಪಿಎಸ್, ಅಂದರೆ ಮಕ್ಕಳ ರಕ್ಷಣಾ ಸೇವೆಯವರು, ತನಿಖೆ ಶುರು ಮಾಡಬೇಕು. ಕೇಸ್‌ವರ್ಕರ್ ಬರುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಒಬ್ಬ ಸ್ನೇಹಿತರು ಲತಾಗೆ ಫೋನ್ ಮಾಡಿದರು. "ಮಗನಿಗೆ ಹೇಳಿಕೊಡಿ, ಅಪ್ಪ ಜ್ಯೂಸ್ ಕುಡಿದಿದ್ರು ಅಂತ ಹೇಳ್ಲಿ." ಲತಾ ಆ ಫೋನ್ ಇಟ್ಟು ನಮಗೆ ಮಾಡಿದರು. ಕೇಳಿದ ತಕ್ಷಣ ವಕೀಲರು ಹೇಳಿದ್ದು ಒಂದೇ ಮಾತು: ಮಗುವಿಗೆ ಏನನ್ನೂ ಹೇಳಿಕೊಡಬೇಡಿ. ಇನ್ನೂ ಎರಡು ವಿಷಯ ಸೇರಿಸಿದರು. ಸುರೇಶ್ ಆ ರಾತ್ರಿಯ ಬಗ್ಗೆ ಕೇಸ್‌ವರ್ಕರ್ ಜೊತೆ ಮಾತಾಡಬಾರದು, ಅಲ್ಲಿ ಹೇಳಿದ್ದು ಪ್ರಾಸಿಕ್ಯೂಟರ್ ಕೈಗೆ ಹೋಗಬಹುದು. ಮನೆ ತೋರಿಸಿ, ಮಗನ ಡಾಕ್ಟರ್, ಶಾಲೆಯ ವಿವರ ಕೊಡಿ, ಸೌಜನ್ಯದಿಂದ ಇರಿ. ಎರಡನೆಯದು, ಲತಾ ತಮಗೆ ಬೇರೆ ವಕೀಲರನ್ನು ನೋಡಿಕೊಳ್ಳಬೇಕು. ಗಂಡ ಕುಡಿದದ್ದು ಗೊತ್ತಿದ್ದೂ ಮಗನನ್ನು ಕಾರಿನಲ್ಲಿ ಕೂರಿಸಿದಿರಾ ಎಂಬ ಪ್ರಶ್ನೆ ಅವರಿಗೂ ಬರುತ್ತದೆ.

ಎರಡನೇ ಮಾತು ಕೇಳಿ ಇಬ್ಬರಿಗೂ ಬೇಸರವಾಯಿತು. ನಮ್ಮನ್ನೇ ಬೇರೆ ಮಾಡುತ್ತಿದ್ದೀರಾ ಎಂದರು. ಆದರೂ ಒಪ್ಪಿದರು.

ಕೇಸ್‌ವರ್ಕರ್ ಬಂದರು. ಫ್ರಿಜ್ ನೋಡಿದರು, ಮಗನ ಮಂಚ ನೋಡಿದರು, ಮನೆಯಲ್ಲಿ ಮದ್ಯ ಎಲ್ಲಿಡುತ್ತೀರಿ ಎಂದು ಕೇಳಿದರು. ಆಮೇಲೆ ಮಗನ ಜೊತೆ ಬೇರೆ ಕೋಣೆಯಲ್ಲಿ ಕೂತರು. ಲತಾ ಅವನಿಗೆ ಹೇಳಿದ್ದು ಇಷ್ಟೇ: "ನಿಂಗೆ ಗೊತ್ತಿರೋದು ಹೇಳು ಪುಟ್ಟಾ." ಅವನು ಹೇಳಿದ. ಅಪ್ಪ ರಸ್ತೇಲಿ ಗೆರೆ ಮೇಲೆ ನಡೀತಾ ಇದ್ರು, ಬೀಳ್ತಾರೇನೋ ಅಂತ ಅಮ್ಮ ನೋಡ್ತಿದ್ರು. ಪಾರ್ಟಿಯಿಂದ ಬರುವಾಗ ಅಪ್ಪ ಯಾವಾಗಲೂ ಕಾರಲ್ಲಿ ಜೋರಾಗಿ ಹಾಡ್ತಾರೆ, ಆಗ ಅಮ್ಮ ಮಾತಾಡಲ್ಲ.

ವರದಿಯಲ್ಲಿ ಈ ಕೊನೆಯ ವಾಕ್ಯ ಓದಿದ ದಿನ ಸುರೇಶ್ ನಮ್ಮ ಕಚೇರಿಯಲ್ಲಿ ತುಂಬ ಹೊತ್ತು ಸುಮ್ಮನೆ ಕೂತಿದ್ದರು. ಅದುವರೆಗೆ ಅವರು ಅದನ್ನು ಒಂದು ರಾತ್ರಿಯ ತಪ್ಪು ಎನ್ನುತ್ತಿದ್ದರು. ಆ ದಿನದ ನಂತರ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಮರುದಿನವೇ, ಕೋರ್ಟು ಹೇಳುವ ಮೊದಲೇ, ರಾಜ್ಯದ ಮಾನ್ಯತೆ ಇರುವ ಚಿಕಿತ್ಸಾ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಂಡು ಹನ್ನೆರಡು ವಾರದ ಕಾರ್ಯಕ್ರಮಕ್ಕೆ ಸೇರಿದರು. ವಕೀಲರು ಮೊದಲ ದಿನವೇ ಇದನ್ನು ಸೂಚಿಸಿದ್ದರು. ಆಗ ಅವರು, ನಾನೇನು ಕುಡುಕನಾ ಎಂದು ಕೇಳಿದ್ದರು.

ಸಿಪಿಎಸ್‌ಗೆ 60 ದಿನದೊಳಗೆ ತೀರ್ಮಾನ ಹೇಳಬೇಕು. ಸುರೇಶ್ ವಿಷಯದಲ್ಲಿ ದೂರು ಸಾಬೀತು ಎಂದರು, ಲತಾ ವಿಷಯದಲ್ಲಿ ಆಧಾರವಿಲ್ಲ ಎಂದರು. ಫ್ಯಾಮಿಲಿ ಕೋರ್ಟಿಗೆ ಹೋಗಲಿಲ್ಲ. ಚಿಕಿತ್ಸೆಗೆ ತಾವಾಗಿಯೇ ಸೇರಿದ್ದು, ಮನೆಯವರು ಮಗನ ಬಾಯಿ ಕಟ್ಟದೆ ಇದ್ದದ್ದು, ಎರಡೂ ಆ ಕಡತದಲ್ಲಿ ಬರೆದಿತ್ತು.

ವೀಸಾ

ಆರನೇ ವಾರದಲ್ಲಿ ಕಾನ್ಸುಲೇಟಿನಿಂದ ಒಂದು ಸಣ್ಣ ಈಮೇಲ್ ಬಂತು. ನಿಮ್ಮ ವೀಸಾ ರದ್ದಾಗಿದೆ. ಶಿಕ್ಷೆ ಆಗಿರಲಿಲ್ಲ, ವಿಚಾರಣೆಯೂ ಶುರುವಾಗಿರಲಿಲ್ಲ. ಕುಡಿದು ಓಡಿಸಿದ ಆರೋಪದಲ್ಲಿ ಬಂಧನವಾದರೇ ಸಾಕು, ಅಮೆರಿಕದ ವಿದೇಶಾಂಗ ಇಲಾಖೆ ಮುನ್ನೆಚ್ಚರಿಕೆಯಾಗಿ ವೀಸಾ ರದ್ದು ಮಾಡಬಹುದು. 2015ರಿಂದ ಈ ಪದ್ಧತಿ ಇದೆ.

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಬೇಕು. ಪಾಸ್‌ಪೋರ್ಟಿನಲ್ಲಿರುವ ವೀಸಾ ದೇಶದೊಳಗೆ ಬರಲು ಬೇಕಾದದ್ದು. ಒಳಗೆ ಇದ್ದು ಕೆಲಸ ಮಾಡುವ ಹಕ್ಕು ಬೇರೆ. ವೀಸಾ ರದ್ದಾದರೂ ಸುರೇಶ್ ಕೆಲಸ ಮಾಡಿಕೊಂಡು ಇರಬಹುದಿತ್ತು. ಆದರೆ ಒಮ್ಮೆ ಹೊರಗೆ ಹೋದರೆ ಮತ್ತೆ ಅರ್ಜಿ ಹಾಕಬೇಕು. ಬಂಧನವಾಗಿತ್ತೇ ಎಂದು ಆ ಅರ್ಜಿ ಕೇಳುತ್ತದೆ. ಸಂದರ್ಶನ, ಕಾನ್ಸುಲೇಟ್ ಗೊತ್ತುಮಾಡಿದ ವೈದ್ಯರಿಂದ ತಪಾಸಣೆ, ಆಮೇಲೆ ಕಾಯುವುದು. ಎಷ್ಟು ದಿನ ಎಂದು ಯಾರೂ ಹೇಳುವುದಿಲ್ಲ.

ಅದೇ ತಿಂಗಳು ಊರಿನಲ್ಲಿ ಸುರೇಶ್ ಅವರ ತಂದೆಗೆ ಹೃದಯದ ಆಪರೇಷನ್ ಗೊತ್ತಾಯಿತು. ಸುರೇಶ್ ಟಿಕೆಟ್ ನೋಡಲು ಶುರು ಮಾಡಿದರು. ಕೋರ್ಟಿನ ಅನುಮತಿ ಕೇಳಬಹುದಿತ್ತು, ಸಿಗಲೂಬಹುದಿತ್ತು. ವಾಪಸ್ ಬರುವುದು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಫೆಲನಿ ಬಾಕಿ ಇರುವಾಗ ಕೋರ್ಟಿನ ತಾರೀಕಿಗೆ ಬರಲಾಗದಿದ್ದರೆ ವಾರಂಟ್. ಲತಾ ಹೋಗಿ ಬರಲಿ ಎಂದರೆ ಅವರ ವೀಸಾ ಕೂಡ ಗಂಡನ ವೀಸಾಗೆ ಅಂಟಿಕೊಂಡದ್ದು. ಮೂವರಲ್ಲಿ ಸಲೀಸಾಗಿ ಹೋಗಿ ಬರಬಹುದಾದವನು ಏಳು ವರ್ಷದ ಮಗ ಮಾತ್ರ. ಯಾರೂ ಹೋಗಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಆ ರಾತ್ರಿ ಪೂರ್ತಿ ಇವರು ಫೋನ್ ಹಿಡಿದುಕೊಂಡು ಕೂತಿದ್ದರು.

ಎರಡು ಪ್ರಸ್ತಾಪಗಳು

ಐದನೇ ತಿಂಗಳಿನಲ್ಲಿ ಪ್ರಾಸಿಕ್ಯೂಟರಿಂದ ಪ್ರಸ್ತಾಪ ಬಂತು. ಫೆಲನಿ ಕೈಬಿಡುತ್ತೇವೆ. ಮಿಸ್‌ಡಿಮೀನರ್ ಡಿಡಬ್ಲ್ಯುಐ ಮತ್ತು ಮಗುವಿನ ಕ್ಷೇಮಕ್ಕೆ ಅಪಾಯ ತಂದ ಆರೋಪ, ಎರಡಕ್ಕೂ ತಪ್ಪೊಪ್ಪಿಕೊಳ್ಳಿ. ಜೈಲಿಲ್ಲ, ಪ್ರೊಬೇಷನ್ನೂ (ಅಧಿಕಾರಿಯೊಬ್ಬರ ನಿಗಾದಲ್ಲಿ ಇರುವುದು) ಇಲ್ಲ. ದಂಡ, ತರಗತಿ, ಷರತ್ತುಗಳು ಅಷ್ಟೇ.

ಸುರೇಶ್ ಅಲ್ಲೇ ಸಹಿ ಹಾಕುವವರಿದ್ದರು. ಐದು ತಿಂಗಳಿಂದ ನಾಲ್ಕು ವರ್ಷದ ಜೈಲಿನ ಕೆಟ್ಟ ಕನಸು ಕಂಡವರಿಗೆ ಇದು ದೇವರೇ ಕೊಟ್ಟ ಹಾಗಿತ್ತು. ನಮ್ಮ ವಕೀಲರು ಒಂದು ದಿನ ಸಮಯ ಕೇಳಿ ವಲಸೆ ವಕೀಲರಿಗೆ ಫೋನ್ ಮಾಡಿದರು. ಪೌರತ್ವವಿಲ್ಲದ ಕಕ್ಷಿದಾರರಿಗೆ ತಪ್ಪೊಪ್ಪಿಗೆಯಿಂದ ಗಡೀಪಾರು ಆಗಬಹುದೇ ಎಂದು ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ. 2010ರಲ್ಲಿ ಪಡಿಯಾ ವಿರುದ್ಧ ಕೆಂಟಕಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೀಗೆಂದು ಹೇಳಿದೆ.

ಉತ್ತರ ನೋಡಿ ನನಗೇ ಗಾಬರಿಯಾಯಿತು. ಮಕ್ಕಳ ಮೇಲಿನ ದೌರ್ಜನ್ಯ, ನಿರ್ಲಕ್ಷ್ಯದ ಅಪರಾಧಗಳಲ್ಲಿ ಶಿಕ್ಷೆಯಾದ ವಿದೇಶೀಯರನ್ನು ಗಡೀಪಾರು ಮಾಡಬಹುದು ಎಂದು ವಲಸೆ ಕಾನೂನಿನಲ್ಲಿದೆ. ನ್ಯೂಯಾರ್ಕಿನ ಈ 'ಮಗುವಿನ ಕ್ಷೇಮಕ್ಕೆ ಅಪಾಯ' ಎಂಬ ಮಿಸ್‌ಡಿಮೀನರ್ ಅದರೊಳಗೆ ಬರುತ್ತದೆ ಎಂದು ಇಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟು 2015ರಲ್ಲಿ ತೀರ್ಪು ಕೊಟ್ಟಿದೆ. ಫ್ಲೋರೆಜ್ ವಿರುದ್ಧ ಹೋಲ್ಡರ್ ಎಂಬ ಪ್ರಕರಣ. ಆ ವ್ಯಕ್ತಿ ಮಾಡಿದ್ದು ಏನು ಗೊತ್ತೇ? ಮಕ್ಕಳನ್ನು ಕೂರಿಸಿಕೊಂಡು ಕುಡಿದು ಕಾರು ಓಡಿಸಿದ್ದು. ಅವರಿಗೆ ಗ್ರೀನ್ ಕಾರ್ಡ್ ಕೂಡ ಇತ್ತು.

ಇನ್ನೊಂದು ಕಡೆ, ಒಂದೇ ಒಂದು ಸಾದಾ ಡಿಡಬ್ಲ್ಯುಐ ಶಿಕ್ಷೆ, ನಾವು ಈ ಪ್ರಕರಣ ನಡೆಸಿದಾಗಿನ ಕಾನೂನಿನ ಪ್ರಕಾರ, ತಾನಾಗಿಯೇ ಗಡೀಪಾರಿಗೆ ಕಾರಣವಾಗುತ್ತಿರಲಿಲ್ಲ. ಅಂದರೆ ಎರಡು ಆರೋಪಗಳಲ್ಲಿ ಹಗುರವಾಗಿ ಕಂಡದ್ದೇ ಸಂಸಾರವನ್ನು ಎತ್ತಿ ಆಚೆ ಹಾಕುವಂಥದ್ದು.

ವಕೀಲರು ಹಳದಿ ಹಾಳೆಯ ನಡುವೆ ಒಂದು ಗೆರೆ ಎಳೆದರು. ಎಡಕ್ಕೆ: ಎರಡು ಆರೋಪ, ಪ್ರೊಬೇಷನ್ ಇಲ್ಲ, ಗಡೀಪಾರಿನ ಅಪಾಯ. ಬಲಕ್ಕೆ: ಡಿಡಬ್ಲ್ಯುಐ ಮಾತ್ರ, ಆದರೆ ಅದನ್ನು ಪಡೆಯಲು ಜಾಸ್ತಿ ಷರತ್ತು ಒಪ್ಪಬೇಕಾಗುತ್ತದೆ. "ಪ್ರೊಬೇಷನ್ ಇಲ್ಲ ಅಂದ್ರೆ ಅದೇ ಒಳ್ಳೇದಲ್ವಾ?" ಎಂದು ಸುರೇಶ್ ಮತ್ತೆ ಮತ್ತೆ ಕೇಳಿದರು. ಮೂರು ವರ್ಷ ಅಧಿಕಾರಿಯೊಬ್ಬರಿಗೆ ವರದಿ ಒಪ್ಪಿಸುವುದು ಎಂದರೆ ಅವರಿಗೆ ಅವಮಾನ. ನಾನು ಕನ್ನಡದಲ್ಲಿ ವಿವರಿಸಿದೆ. ಒಂದು ಗಂಟೆ ಹಿಡಿಯಿತು. ಕೊನೆಗೆ ಲತಾ ಹೇಳಿದರು: "ರೀ, ನಾವಿಬ್ರು ಹೋದ್ರೆ ಪುಟ್ಟನ್ನ ಎಲ್ಲಿ ಬಿಡ್ತೀರಾ?" ಮಗ ಈ ದೇಶದವನು. ಅವನಿಗೆ ಬೇರೆ ಶಾಲೆ, ಬೇರೆ ಮನೆ ಗೊತ್ತಿಲ್ಲ.

ಬಲಗಡೆಯದನ್ನೇ ಕೇಳುವುದೆಂದು ತೀರ್ಮಾನವಾಯಿತು. ನ್ಯೂಯಾರ್ಕ್ ಕಾನೂನಿನಲ್ಲಿ ಮಗು ಇದ್ದ ಡಿಡಬ್ಲ್ಯುಐ ಆರೋಪವನ್ನು ಸುಮ್ನೆ ಒಂದು ಟ್ರಾಫಿಕ್ ತಪ್ಪಿಗೆ ಇಳಿಸಲು ಆಗುವುದಿಲ್ಲ, ಕನಿಷ್ಠ ಮಿಸ್‌ಡಿಮೀನರ್ ಡಿಡಬ್ಲ್ಯುಐಗಾದರೂ ತಪ್ಪೊಪ್ಪಿಕೊಳ್ಳಬೇಕು. ನಾವೂ ಅದಕ್ಕಿಂತ ಕಡಿಮೆ ಕೇಳಲಿಲ್ಲ. ಅಪಾಯದ ಆರೋಪವೊಂದನ್ನು ಬಿಡಿ, ಬದಲಿಗೆ ಮೂರು ವರ್ಷ ಪ್ರೊಬೇಷನ್ ಹಾಕಿ ಎಂದೆವು. ಚಿಕಿತ್ಸಾ ಕೇಂದ್ರದ ಪತ್ರ, ಹನ್ನೆರಡು ವಾರದ ಹಾಜರಿ, ಸಿಪಿಎಸ್ ಪ್ರಕರಣ ಮುಗಿಸಿದ ಪತ್ರ ಜೊತೆಗಿಟ್ಟೆವು. ಪ್ರಾಸಿಕ್ಯೂಟರ್ ಮೂರು ವಾರ ಯೋಚಿಸಿ ಒಪ್ಪಿದರು. ಆ ಚಿಕಿತ್ಸೆಯನ್ನು ಬಂಧನವಾದ ಮೊದಲ ವಾರದಲ್ಲೇ ಶುರು ಮಾಡಿರದಿದ್ದರೆ ನಮ್ಮ ಕೈಯಲ್ಲಿ ಕೊಡಲು ಏನೂ ಇರುತ್ತಿರಲಿಲ್ಲ.

ಶಿಕ್ಷೆ ಹೀಗಾಯಿತು. 500 ಡಾಲರ್ ದಂಡ, ಅದರ ಮೇಲೆ ಕೋರ್ಟಿನ ಸರ್‌ಚಾರ್ಜ್. ಮೂರು ವರ್ಷ ಪ್ರೊಬೇಷನ್. ಲೈಸೆನ್ಸ್ ಆರು ತಿಂಗಳು ರದ್ದು. ಏಳು ವಾರ, ಒಟ್ಟು 16 ಗಂಟೆಯ ತರಗತಿ. ಮೋಟಾರು ವಾಹನ ಇಲಾಖೆಗೆ ಪ್ರತ್ಯೇಕವಾಗಿ ವರ್ಷಕ್ಕೆ 250 ಡಾಲರ್‌ನಂತೆ ಮೂರು ವರ್ಷ. ಜೊತೆಗೆ ಹನ್ನೆರಡು ತಿಂಗಳು ಕಾರಿಗೆ ಊದಿದರೆ ಮಾತ್ರ ಶುರು ಮಾಡಲು ಬಿಡುವ ಯಂತ್ರ, ಅಂದರೆ ಇಂಟರ್‌ಲಾಕ್. ವಕೀಲರ ಫೀಸು, ಚಿಕಿತ್ಸೆ, ವಿಮೆಯ ಹೆಚ್ಚಿದ ಕಂತು ಇದರಲ್ಲಿ ಸೇರಿಲ್ಲ.

ಈ ಪ್ರಕರಣದಿಂದ ನನಗೆ ಕಂಡದ್ದು

ಆರೋಪವನ್ನು ಜೈಲಿನ ವರ್ಷಗಳಿಂದ ಅಳೆಯಬೇಡಿ. ಪೌರತ್ವವಿಲ್ಲದವರಿಗೆ ಆರೋಪದ ಹೆಸರೇ ದೊಡ್ಡದು. ಕ್ರಿಮಿನಲ್ ವಕೀಲರು ಎಷ್ಟೇ ಒಳ್ಳೆಯವರಾಗಿರಲಿ, "ವಲಸೆ ವಕೀಲರನ್ನು ಕೇಳಿದಿರಾ?" ಎಂದು ಬಾಯಿಬಿಟ್ಟು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಸ್ಟೇಷನ್ನಿನಲ್ಲಿ ಊದಲು ನಿರಾಕರಿಸಿದ್ದರೆ ಚೆನ್ನಾಗಿತ್ತಾ ಎಂದು ಸುರೇಶ್ ಒಮ್ಮೆ ಕೇಳಿದ್ದರು. ನಿರಾಕರಿಸಿದರೆ ಅದೊಂದಕ್ಕೇ ಒಂದು ವರ್ಷ ಲೈಸೆನ್ಸ್ ರದ್ದು, 500 ಡಾಲರ್ ದಂಡ. ಊದದಿದ್ದರೂ ಆರೋಪ ಹೊರಿಸಬಹುದು. ಬೇರೆ ಪ್ರಕರಣಗಳಲ್ಲಿ ಬೇರೆ ಲೆಕ್ಕ ಇರಬಹುದು. ಇವರ ವಿಷಯದಲ್ಲಿ ಊದಿದ್ದೇ ಸರಿಯಾಯಿತು ಎಂದು ನನಗೆ ಅನಿಸುತ್ತದೆ.

ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಆ ಭಾನುವಾರದ ಫೋನ್. ಮಗನಿಗೆ ಸುಳ್ಳು ಹೇಳಿಕೊಟ್ಟಿದ್ದರೆ ಅವನು ಹೇಳುತ್ತಿದ್ದನೋ ಏನೋ. ಏಳು ವರ್ಷದ ಮಗು ಕೇಸ್‌ವರ್ಕರ್ ಮುಂದೆ ಐದು ನಿಮಿಷದಲ್ಲಿ ತಡವರಿಸುತ್ತಿತ್ತು. ಆಮೇಲೆ ಫ್ಯಾಮಿಲಿ ಕೋರ್ಟು ತಪ್ಪುತ್ತಿರಲಿಲ್ಲ ಎಂದು ಲತಾ ಅವರ ವಕೀಲರು ಹೇಳಿದರು. ಅದಕ್ಕಿಂತ ಮುಖ್ಯವಾದದ್ದು, ಸುರೇಶ್‌ಗೆ ತಮ್ಮ ಕುಡಿತದ ಬಗ್ಗೆ ನಿಜ ಹೇಳಿದ ಮೊದಲ ಮನುಷ್ಯ ಆ ಹುಡುಗ. ಅವನ ಬಾಯಿ ಮುಚ್ಚಿಸಿದ್ದರೆ ಅವರು ಚಿಕಿತ್ಸೆಗೆ ಹೋಗುತ್ತಿದ್ದರೇ? ನನಗೆ ಅನುಮಾನ.

ಪಾರ್ಟಿ ಕೊಟ್ಟವರ ಬಗ್ಗೆಯೂ ಒಂದು ಮಾತು. ಆ ರಾತ್ರಿ ಹದಿನೈದು ಜನ ದೊಡ್ಡವರು ಬಾಗಿಲಲ್ಲಿ ನಿಂತು ಬೀಳ್ಕೊಟ್ಟರು. ಒಬ್ಬರೇ ಒಬ್ಬರು "ಇಲ್ಲೇ ಮಲಗಿ, ಬೆಳಿಗ್ಗೆ ಹೋಗಿ" ಎನ್ನಲಿಲ್ಲ. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಹಾಗೆ ಹೇಳಿದರೆ ಅವರಿಗೆ ಬೇಜಾರಾಗುತ್ತದೆ ಎಂದು ಸುಮ್ಮನಿದ್ದರು.

ಈಗ

ಪ್ರೊಬೇಷನ್ ಇನ್ನೂ ನಡೆಯುತ್ತಿದೆ. ಸುರೇಶ್ ಊರಿಗೆ ಹೋಗಿಲ್ಲ. ಪ್ರೊಬೇಷನ್ ಮುಗಿದ ಮೇಲೆ ಹೊಸ ವೀಸಾಗೆ ಅರ್ಜಿ ಹಾಕುವ ಯೋಚನೆ ಇದೆ. ತಂದೆ ಆರೋಗ್ಯವಾಗಿದ್ದಾರೆ.

ಲತಾ ಡ್ರೈವಿಂಗ್ ಕಲಿತರು. ಗೆಳತಿಯೊಬ್ಬರು ವಾರಕ್ಕೆ ಮೂರು ದಿನ ಪಕ್ಕದಲ್ಲಿ ಕೂತು ಕಲಿಸಿದರು. ಎರಡನೇ ಸಲದ ಟೆಸ್ಟಿನಲ್ಲಿ ಪಾಸಾದರು. ಮನೆಯಲ್ಲಿ ಇರುವುದು ಒಂದೇ ಕಾರು, ಅದಕ್ಕೆ ಇಂಟರ್‌ಲಾಕ್ ಇದೆ. ಡ್ಯಾಶ್‌ಬೋರ್ಡಿಗೆ ಸುರುಳಿ ತಂತಿಯಲ್ಲಿ ಕಟ್ಟಿದ, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಯಂತ್ರ. ಒಂದೇ ಸಮನೆ ಊದಬೇಕು. 0.025 ಬಂದರೂ ಕಾರು ಶುರುವಾಗುವುದಿಲ್ಲ. ಓಡುತ್ತಿರುವಾಗಲೂ ಮಧ್ಯೆ ಮಧ್ಯೆ ಮತ್ತೆ ಊದು ಎಂದು ಕೂಗುತ್ತದೆ, ಕ್ಯಾಮೆರಾ ಫೋಟೊ ತೆಗೆಯುತ್ತದೆ. ಕಾರು ಯಾರು ಓಡಿಸಲಿ, ಊದಲೇಬೇಕು.

ಹೋದ ತಿಂಗಳು ಲತಾ ನನ್ನನ್ನು ಬಸ್ ನಿಲ್ದಾಣದವರೆಗೆ ಬಿಟ್ಟರು. ಹಿಂದೆ ಮಗ ಕೂತಿದ್ದ. ಲತಾ ಯಂತ್ರ ಕೈಗೆತ್ತಿಕೊಂಡು, ಅಭ್ಯಾಸವಾದವರ ಹಾಗೆ ಉಸಿರು ಎಳೆದು ಊದಿದರು. "ಜನ್ಮದಲ್ಲಿ ಒಂದು ಹನಿ ಮುಟ್ಟಿಲ್ಲ ಅಕ್ಕಾ" ಎಂದರು. ಬೀಪ್ ಬರುವವರೆಗೆ ಹಿಂದಿನ ಸೀಟಿನಲ್ಲಿ ಮಗ ಮಾತಾಡುವುದನ್ನು ನಿಲ್ಲಿಸಿದ್ದ. ಬಂದ ಮೇಲೆ ಶಾಲೆಯ ಕಥೆಯನ್ನು ಬಿಟ್ಟಲ್ಲಿಂದ ಶುರು ಮಾಡಿದ.